ನಾನೂ ಗೆರೆ ಹಿಡಿದೇ ಬಂದೆ

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ರೇಖಾಗಣಿತ ಹೇಳಿಕೊಟ್ಟವನು ನಾನು. ಗೆರೆ ಎಂದರೆ ನನಗೆ ಒಂದು ಬಗೆಯ ಭಕ್ತಿ. ಎರಡು ಬಿಂದುಗಳ ನಡುವೆ ಒಂದೇ ಒಂದು ಸರಳರೇಖೆ ಎಳೆಯಲು ಸಾಧ್ಯ ಎಂದು ಬೋರ್ಡಿನ ಮೇಲೆ ಬರೆಯುವಾಗ ಪ್ರತಿ ವರ್ಷವೂ ಹೊಸದಾಗಿ ಸಮಾಧಾನವಾಗುತ್ತಿತ್ತು. ಲೋಕದಲ್ಲಿ ಉಳಿದುದೆಲ್ಲ ಹೇಗೇ ಇರಲಿ, ಇದೊಂದು ವಿಷಯದಲ್ಲಿ ಅನುಮಾನಕ್ಕೆ ಜಾಗವಿಲ್ಲವಲ್ಲ ಎಂಬ ಸಮಾಧಾನ. ಅಂಥವನು ನಿವೃತ್ತನಾದ ಮೇಲೆ, ಅರವತ್ತೊಂದನೆಯ ವಯಸ್ಸಿನಲ್ಲಿ ಕಾರು ಕಲಿಯಲು ಹೊರಟು, ಒಂದೇ ಜಾಗದಿಂದ ಎರಡು ಗೆರೆಗಳು ಎರಡು ದಿಕ್ಕಿಗೆ ಹೊರಟದ್ದನ್ನು ಕಂಡು ಕಂಗೆಟ್ಟದ್ದನ್ನು ಇಲ್ಲಿ ಹೇಳಬೇಕಾಗಿದೆ. ಕಥೆ ಚಿಕ್ಕದು. ಅದು ಎಬ್ಬಿಸಿದ ಪ್ರಶ್ನೆ ಮಾತ್ರ ಇನ್ನೂ ನನ್ನನ್ನು ಬಿಟ್ಟಿಲ್ಲ.

ಈ ವಯಸ್ಸಿನಲ್ಲಿ ಕಾರು ಯಾಕೆ ಎಂದು ಕೇಳಿದವರು ಬಹಳ ಮಂದಿ. ನಮ್ಮ ಮನೆ ಬಂಗಾರಪೇಟೆಯಲ್ಲಿ. ನನ್ನ ಅತ್ತೆಯವರು ಇರುವುದು ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಯಲ್ಲಿ. ಹಗಲಾದರೆ ಬಸ್ಸುಂಟು, ಮಾರಿಕುಪ್ಪಂ ರೈಲುಂಟು. ನಡುರಾತ್ರಿಯಲ್ಲಿ ಫೋನು ಬಂದರೆ ಏನೂ ಇಲ್ಲ. ಒಂದು ರಾತ್ರಿ ಹಾಗೆಯೇ ಬಂತು. ನನ್ನಾಕೆ ಸೀರೆ ಬದಲಾಯಿಸಿ, ಬ್ಯಾಗು ಹಿಡಿದು, ಮೊದಲ ಬಸ್ಸಿನ ಹೊತ್ತಿನವರೆಗೆ ಬಾಗಿಲ ಬಳಿಯೇ ಕುಳಿತಿದ್ದಳು. ಒಂದು ಮಾತೂ ಆಡಲಿಲ್ಲ. ಅತ್ತೆಯವರಿಗೆ ಆ ಸಲ ಏನೂ ಆಗಲಿಲ್ಲ. ಆದರೆ ಹಾಗೆ ಕುಳಿತವಳನ್ನು ಮತ್ತೊಮ್ಮೆ ನೋಡುವ ಶಕ್ತಿ ನನಗಿರಲಿಲ್ಲ. ಬೆಂಗಳೂರಿನಲ್ಲಿದ್ದ ಮಗ ಹೊಸ ಕಾರು ಕೊಂಡು, ತನ್ನ ಹಳೆಯ ಮಾರುತಿಯನ್ನು ತಂದು ನಮ್ಮ ಮನೆಯ ಮುಂದೆ ನಿಲ್ಲಿಸಿ ಹೋದ.

ಕಲಿಯುವವರ ಲೈಸೆನ್ಸಿಗೆ ಓದಿದ್ದು ಎಸ್ಸೆಸ್ಸೆಲ್ಸಿ ಹುಡುಗನಂತೆ. ತುಂಡು ಗೆರೆಯಾದರೆ ಎಚ್ಚರಿಕೆಯಿಂದ ದಾಟಬಹುದು, ಅಖಂಡ ಗೆರೆಯಾದರೆ ದಾಟಬಾರದು, ಅಡ್ಡಲಾಗಿ ದಪ್ಪ ಬಿಳಿ ಗೆರೆ ಕಂಡರೆ ಅದರ ಹಿಂದೆ ನಿಲ್ಲಬೇಕು. ಪೊಲೀಸಿನವರ ಕೈಸನ್ನೆ ದೀಪಕ್ಕಿಂತ ಮೇಲು. ಎಲ್ಲ ಬಾಯಿಪಾಠ. ಕಾರಿಗೆ ಅಂಟಿಸುವ 'ಎಲ್' ಫಲಕವನ್ನೂ ಅಂಗಡಿಯಿಂದ ತರಲಿಲ್ಲ. ನಿಯಮದಲ್ಲಿ ಅದರ ಅಳತೆ ಕೊಟ್ಟಿದ್ದಾರೆ: ಫಲಕ 18 ಸೆಂಟಿಮೀಟರಿನ ಚೌಕ, ಅಕ್ಷರ 10 ಸೆಂಟಿಮೀಟರ್ ಎತ್ತರ, 2 ಸೆಂಟಿಮೀಟರ್ ದಪ್ಪ, ಬುಡದಲ್ಲಿ 9 ಸೆಂಟಿಮೀಟರ್ ಅಗಲ, ಇದಕ್ಕೆ ಕಡಿಮೆಯಾಗಕೂಡದು. ಸ್ಕೇಲು ಹಿಡಿದು, ಮೂಲೆಮಟ್ಟ ಇಟ್ಟು, ನಾನೇ ಕೆಂಪು ಬಣ್ಣದಲ್ಲಿ ಬರೆದೆ. ಇಷ್ಟು ಕಟ್ಟುನಿಟ್ಟಾಗಿ ನಡೆಯುವವನಿಂದ ಯಾರಿಗೂ ಕೇಡಾಗಲಾರದು ಎಂಬ ಹೆಮ್ಮೆಯೂ ಒಳಗೆ ಇದ್ದಿರಬೇಕು.

ಡ್ರೈವಿಂಗ್ ಶಾಲೆಯ ದಿನಗಳು ಮುಗಿದ ಮೇಲೆ ಪಕ್ಕದಲ್ಲಿ ಕುಳಿತು ಅಭ್ಯಾಸ ಮಾಡಿಸಲು ಒಪ್ಪಿದವರು ನಮ್ಮ ಬೀದಿಯ ಹಿರಿಯರೊಬ್ಬರು. ಚಿನ್ನದ ಗಣಿಯಲ್ಲಿ ವೈಂಡಿಂಗ್ ಇಂಜಿನ್ ನಡೆಸುತ್ತಿದ್ದವರು. ಶಾಫ್ಟಿನೊಳಗೆ ಆಳುಗಳನ್ನು ಹೊತ್ತ ಕೇಜನ್ನು ಇಳಿಸುವ, ಏರಿಸುವ ಯಂತ್ರ ಅದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಅವರಿಗೆ ಇನ್ನೂ ದುಡಿಯುವ ವಯಸ್ಸು. ಆಮೇಲೆ ಕೆಲವು ವರ್ಷ, ಕೆ.ಜಿ.ಎಫ್.ನ ಸಾವಿರಾರು ಜನರಂತೆ, ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಯಾರದೋ ಕಾರು ಓಡಿಸಿದರು. ಮನೆಮಾತು ತಮಿಳು. ನನ್ನೊಡನೆ ಆಡುವುದು ನಮ್ಮ ಸೀಮೆಯ ಕನ್ನಡ. ನಾನು ಅವರನ್ನು ಅಣ್ಣ ಎನ್ನುತ್ತೇನೆ, ಅವರು ನನ್ನನ್ನು ಮೇಷ್ಟ್ರೇ ಎನ್ನುತ್ತಾರೆ.

ಆ ಜಾಗ ಯಾವುದೆಂದು ಹೇಳುವುದಿಲ್ಲ. ಬಂಗಾರಪೇಟೆಗೂ ಕೆ.ಜಿ.ಎಫ್.ಗೂ ನಡುವೆ ಎಂದರೆ ಸಾಕು. ನಾನು ಹೋಗುತ್ತಿದ್ದ ದೊಡ್ಡ ರಸ್ತೆಗೆ ಎಡಗಡೆಯಿಂದ ಹಳ್ಳಿಯ ರಸ್ತೆಯೊಂದು ಬಂದು ಕೂಡುತ್ತದೆ. ಮೊದಲು ಅಲ್ಲಿ ನೇರ ಹೋಗುವವರು ರಸ್ತೆಯ ಎಡ ಅಂಚನ್ನೇ ಹಿಡಿದು ಹೋಗುವಂತೆ ಗೆರೆ ಇತ್ತು. ಆಮೇಲೆ ಯಾವಾಗಲೋ ಏರ್ಪಾಡು ಬದಲಾಗಿ, ನೇರ ಹೋಗುವವರನ್ನು ಸ್ವಲ್ಪ ಬಲಕ್ಕೆ ಸರಿಸಿ, ಎಡ ಅಂಚನ್ನು ಹಳ್ಳಿ ರಸ್ತೆಯಿಂದ ಬಂದು ಸೇರುವವರಿಗೆ ಬಿಟ್ಟುಕೊಟ್ಟರು. ಹೊಸ ಗೆರೆ ಎಳೆದರು. ಹಳೆಯ ಗೆರೆಯನ್ನು ಕೆರೆದು ತೆಗೆಯಲಿಲ್ಲ, ಅದರ ಮೇಲೆ ಕಪ್ಪು ಬಣ್ಣ ಬಳಿದರು.

ರಸ್ತೆಯ ಗೆರೆ ಬರಿಯ ಬಣ್ಣವಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಕಾಯಿಸಿ ಕರಗಿಸಿದ ಒಂದು ಬಗೆಯ ಪ್ಲಾಸ್ಟಿಕ್ಕಿನ ಪಾಕವನ್ನು ಡಾಂಬರಿನ ಮೇಲೆ ಹಾಸಿ, ಆರುವ ಮುಂಚೆ ಅದರ ಮೇಲೆ ಸಣ್ಣ ಗಾಜಿನ ಮಣಿಗಳನ್ನು ಉದುರಿಸುತ್ತಾರೆ. ರಾತ್ರಿ ನಮ್ಮ ದೀಪದ ಬೆಳಕನ್ನು ನಮ್ಮ ಕಣ್ಣಿಗೇ ಹಿಂತಿರುಗಿಸುವುದು ಆ ಮಣಿಗಳು. ಮೇಲೆ ಬಳಿದ ಕಪ್ಪು ಬಣ್ಣ ಒಂದೆರಡು ಮಳೆಗಾಲದಲ್ಲಿ, ಲಾರಿಗಳ ಚಕ್ರದಡಿಯಲ್ಲಿ ಸವೆದುಹೋಗುತ್ತದೆ. ಅಡಿಯ ಗೆರೆ ಮತ್ತೆ ತಲೆಯೆತ್ತುತ್ತದೆ. ಹೊಸದರ ಮೇಲೆ ಮಣ್ಣು ಕೂತಿದ್ದರೆ ಹಳೆಯದೇ ಹೆಚ್ಚು ಹೊಳೆದರೂ ಹೊಳೆಯಿತು. ಸತ್ತ ಕಾನೂನು ಹೀಗೆ ಎದ್ದುಬಂದು ಬದುಕಿರುವ ಕಾನೂನಿನ ಪಕ್ಕದಲ್ಲಿ ಮಲಗಿರುತ್ತದೆ.

ಅಂದು ಸಂಜೆ ಮಳೆ ಬಂದು ನಿಂತಿತ್ತು. ಇಳಿಬಿಸಿಲು ರಸ್ತೆಯ ಮೇಲೆ ಬಿದ್ದು ಎಲ್ಲವೂ ಥಳಥಳಿಸುತ್ತಿತ್ತು. ಕೂಡುರಸ್ತೆ ಹತ್ತಿರ ಬಂದಾಗ ನನ್ನ ಮುಂದೆ ಎರಡು ಗೆರೆಗಳು ಕಂಡವು. ವೇಗ ಇಳಿಸಿದೆ. ಯಾವುದು ನನ್ನದು? ಯೋಚಿಸುತ್ತಿರುವಾಗ ಹಿಂದಿನಿಂದ ಹಾರನ್ನು. ಮತ್ತೊಮ್ಮೆ ಹಾರನ್ನು, ಈ ಸಲ ಉದ್ದವಾಗಿ. ಕಲಿಯುವವನ ಪಾಲಿಗೆ ಹಾರನ್ನು ಎಂದರೆ ತರಗತಿಯ ಮಧ್ಯೆ ಎದ್ದು ನಿಲ್ಲಿಸಿದ ಹಾಗೆ, ಕಿವಿಯೆಲ್ಲ ಬಿಸಿಯಾಗುತ್ತದೆ. ಹೆಚ್ಚು ಹೊಳೆಯುತ್ತಿದ್ದ ಗೆರೆಯನ್ನು ಹಿಡಿದು, ಎಡ ಅಂಚಿನಲ್ಲಿ ಕಾರು ಮುಂದಕ್ಕೆ ಬಿಟ್ಟೆ. ಅದೇ ಹೊತ್ತಿಗೆ ಹಳ್ಳಿಯ ರಸ್ತೆಯಿಂದ ಹುಡುಗನೊಬ್ಬ, ಮೊಪೆಡ್ಡಿನ ಹಿಂದೆ ಟೊಮೇಟೊ ಕ್ರೇಟುಗಳನ್ನು ಕಟ್ಟಿಕೊಂಡು, ಅದೇ ಎಡ ಅಂಚಿಗೆ ಬಂದ. ಅಣ್ಣ ಹ್ಯಾಂಡ್‌ಬ್ರೇಕು ಎಳೆದರು. ಹುಡುಗನೂ ಬ್ರೇಕು ಹಾಕಿದ. ಒದ್ದೆ ರಸ್ತೆ, ಮೇಲೆ ಹೊರೆ, ಮೊಪೆಡ್ಡು ಜಾರಿತು. ಕಾರು ಅವನಿಗೆ ತಗುಲಲಿಲ್ಲ, ಒಂದು ಮೊಳದ ಅಂತರದಲ್ಲಿ ನಿಂತಿತು. ಆದರೆ ಹುಡುಗ ಬಿದ್ದಿದ್ದ. ಟೊಮೇಟೊ ರಸ್ತೆಯ ತುಂಬ ಉರುಳಿ ಹೋಗುತ್ತಿತ್ತು.

ಇಳಿದು ಓಡಿದೆ. ನನ್ನ ಬಾಯಿಂದ ಬಂದ ಮೊದಲ ಮಾತು ಏನೆಂದು ಈಗ ಬರೆಯಲು ನಾಚಿಕೆಯಾಗುತ್ತದೆ. 'ಏಟಾಯಿತೇನಪ್ಪ' ಎಂದಲ್ಲ. 'ನಾನು ಗೆರೆ ಹಿಡಿದೇ ಬಂದೆ' ಎಂದೆ.

ಹುಡುಗ ಮಂಡಿ ಹಿಡಿದುಕೊಂಡು ಎದ್ದು ಕುಳಿತ. ಸಿಟ್ಟೇನೂ ಮಾಡಲಿಲ್ಲ. ನೆಲ ತೋರಿಸಿ, 'ನಾನೂ ಗೆರೆ ಹಿಡಿದೇ ಬಂದೆ ಸಾರ್' ಎಂದ.

ನೋಡಿದೆ. ಅವನ ಮಾತು ನಿಜ. ನನ್ನ ಮಾತೂ ನಿಜ. ಅವನ ಗೆರೆಯೂ ನನ್ನ ಗೆರೆಯೂ ಅವನು ಬಿದ್ದಿದ್ದ ಜಾಗದಲ್ಲೇ ಕೂಡುತ್ತಿದ್ದವು.

ಅಣ್ಣ ಆಗಲೇ ಬಗ್ಗಿ ಟೊಮೇಟೊ ಆಯುತ್ತಿದ್ದರು. ನಾನೂ ಆಯ್ದೆ. ಹಿಂದೆ ಹಾರನ್ನು ಮಾಡಿದ್ದವನು ಬದಿಯಿಂದ ಕಾರು ತೂರಿಸಿಕೊಂಡು ಹೋಗಿಬಿಟ್ಟಿದ್ದ. ಹುಡುಗನ ಮಂಡಿ ತರಚಿ ರಕ್ತ ಬಂದಿತ್ತು, ಮೂಳೆಗೆ ಏನೂ ಆಗಿರಲಿಲ್ಲ. ಡಾಕ್ಟರ ಹತ್ತಿರ ಹೋಗೋಣವೆಂದರೆ ಒಪ್ಪಲಿಲ್ಲ. ಒಡೆದ ಟೊಮೇಟೊಗೆ ದುಡ್ಡು ತೆಗೆದುಕೊಂಡ. ಮಂಡಿಗೆಂದು ಕೊಡಹೋದದ್ದನ್ನು ಹಿಂದಕ್ಕೆ ಕೊಟ್ಟ. 'ಮಂಡಿ ವಾಸಿಯಾಗುತ್ತೆ ಬಿಡಿ ಸಾರ್' ಎಂದು ಹೊರಟುಹೋದ.

ಆ ರಾತ್ರಿ ನಿದ್ದೆ ಬರಲಿಲ್ಲ. ತಪ್ಪು ಯಾರದು ಎಂದು ಲೆಕ್ಕ ಹಾಕುತ್ತ ಮಲಗಿದೆ. ಗೆರೆ ಎಳೆದವರದೇ? ಇರಬಹುದು, ಆದರೆ ಅವರು ಅಲ್ಲಿರಲಿಲ್ಲ. ಹುಡುಗನದೇ? ಎದ್ದು ಪುಸ್ತಕ ತೆರೆದೆ. ಕಾವಲಿಲ್ಲದ ಕೂಡುರಸ್ತೆಯಲ್ಲಿ ಮುಖ್ಯರಸ್ತೆಗೆ ಬರುವವನು ಅಲ್ಲಿ ಹೋಗುತ್ತಿರುವವರಿಗೆ ದಾರಿ ಬಿಡಬೇಕು, ಉಳಿದೆಡೆ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು ಎಂದು ನಿಯಮ. ಹಾಗಾದರೆ ನಿಯಮ ನನ್ನ ಕಡೆ! ಒಂದು ಗಳಿಗೆ ಹಾಯೆನಿಸಿತು. ಮರುಗಳಿಗೆಗೆ ಆ ಹಾಯೆನಿಸಿದ್ದೇ ಹೇಸಿಗೆಯಾಯಿತು. ಹೊಸ ಗೆರೆ ಆ ಅಂಚನ್ನು ಅವನಿಗೆ ಕೊಟ್ಟಿತ್ತು, ಅದನ್ನು ನಂಬಿ ಬಂದವನು ಅವನು. ಕೋರ್ಟಿನಲ್ಲಾದರೆ ಇದನ್ನು ವರ್ಷಗಟ್ಟಲೆ ವಾದಿಸಬಹುದು. ಆದರೆ ನನ್ನನ್ನು ಕಾಡುತ್ತಿದ್ದುದು ಕೋರ್ಟಿನ ಪ್ರಶ್ನೆಯಲ್ಲ. ಇಬ್ಬರು ವಿಧೇಯರು, ಇಬ್ಬರೂ ನಿಯಮ ಪಾಲಿಸುತ್ತಿದ್ದಾರೆ, ಆದರೂ ಒಬ್ಬನ ರಕ್ತ ನೆಲದ ಮೇಲೆ. ವಿಧೇಯತೆ ಒಳ್ಳೆಯ ಗುಣವೆಂದು ಮೂವತ್ತೆರಡು ವರ್ಷ ಮಕ್ಕಳಿಗೆ ಹೇಳಿದ್ದೆನಲ್ಲ, ಅದರಲ್ಲಿ ಎಲ್ಲಿ ಏನು ಬಿಟ್ಟುಹೋಗಿತ್ತು?

ಮಾರನೆಯ ದಿನ ಅಣ್ಣನ ಮುಂದೆ ಇದನ್ನೆಲ್ಲ ಹೇಳಿಕೊಂಡೆ. ಅವರು ಕಾಫಿ ಲೋಟ ಕೆಳಗಿಟ್ಟು ಗಣಿಯ ಕಥೆ ತೆಗೆದರು.

'ನಮ್ದು ಬೆಲ್ ಲೆಕ್ಕ, ಮೇಷ್ಟ್ರೇ. ಕೇಜ್ ನಿಂತಿರುವಾಗ ಒಂದು ಬೆಲ್ ಆದ್ರೆ ಮೇಲೆ ಎತ್ತು ಅಂತ. ಓಡ್ತಿರುವಾಗ ಅದೇ ಒಂದು ಬೆಲ್ ಆದ್ರೆ ನಿಲ್ಲಿಸು ಅಂತ. ಎರಡಾದ್ರೆ ಇಳಿಸು. ಮೂರಾದ್ರೆ ಆಳು ಹತ್ತುತ್ತಾರೆ, ಹುಷಾರು.'

'ಅದೇ ಒಂದು ಬೆಲ್ಲಿಗೆ ಎರಡು ಅರ್ಥವೆ?'

'ಹೌದು. ಬೆಲ್ ಕೇಳಿದ್ರೆ ಸಾಲದು. ಈಗ ಕೇಜ್ ಏನು ಮಾಡ್ತಿದೆ ಅಂತ ಗೊತ್ತಿರಬೇಕು. ಸರಿಯಾಗಿ ಕೇಳಿಸ್ಲಿಲ್ವಾ, ಎರಡೋ ಮೂರೋ ಅನುಮಾನ ಬಂತಾ, ಕೈ ಲಿವರ್ ಮೇಲಿಂದ ಅಲ್ಲಾಡಬಾರದು. ಇನ್ನೊಂದು ಸಲ ಹೊಡೀಲಿ ಅಂತ ಕಾಯೋದು. ಯಾರು ಬೈದ್ರೂ ಸರಿ.'

ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಹಗ್ಗದ ತುದಿಯಲ್ಲಿ ಯಾರಿದ್ದಾರೆಂದು ಇಂಜಿನ್ ಮನೆಯಲ್ಲಿ ಕುಳಿತವನಿಗೆ ಕಾಣುವುದಿಲ್ಲ. ಆಳ ತೋರಿಸುವ ಮುಳ್ಳು, ಬೆಲ್ಲಿನ ಸದ್ದು, ಇವೆರಡೇ ಅವನ ಲೋಕ. ಇದನ್ನು ವಿವರಿಸಿದ ಮೇಲೆ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಲ್ಲಗೆ ಹೇಳಿದರು:

'ನನಗೆ ಆಳು ಕಾಣ್ತಿರ್ಲಿಲ್ಲ, ಬೆಲ್ ಒಂದೇ. ನಿಮಗೆ ಹುಡುಗ ಕಾಣ್ತಿದ್ದ. ಆದ್ರೂ ನೀವು ಗೆರೆ ನೋಡ್ತಿದ್ರಿ.'

ನನ್ನ ಲೆಕ್ಕವೆಲ್ಲ ಆ ಒಂದು ಮಾತಿಗೆ ನಿಂತುಹೋಯಿತು.

ಗೆರೆ ತಾನಾಗಿ ಏನನ್ನೂ ಹೇಳುವುದಿಲ್ಲ. 1953ರಲ್ಲಿ, ತಾನು ತೀರಿಕೊಂಡ ಎರಡು ವರ್ಷದ ಮೇಲೆ ಪ್ರಕಟವಾದ ಪುಸ್ತಕದಲ್ಲಿ ವಿಟ್‌ಗೆನ್‌ಸ್ಟೈನ್ ಎಂಬ ತತ್ತ್ವಜ್ಞಾನಿ ದಾರಿಯ ಕೈಮರದ ಬಗ್ಗೆ ಯೋಚಿಸಿದ್ದಾನೆ. ಕೈಮರದ ಬೆರಳು ಚಾಚಿದ ದಿಕ್ಕಿಗೇ ಹೋಗಬೇಕು, ಅದರ ಎದುರು ದಿಕ್ಕಿಗಲ್ಲ ಎಂಬುದು ಕೈಮರದ ಮೇಲೆ ಎಲ್ಲಿ ಬರೆದಿದೆ ಎಂಬುದು ಅವನ ಪ್ರಶ್ನೆ. ಎಲ್ಲೂ ಬರೆದಿಲ್ಲ. ನಾವು ಹಾಗೆ ನಡೆದುಕೊಂಡು ಬಂದಿದ್ದೇವೆ, ಎದುರಿನವನೂ ಹಾಗೆಯೇ ನಡೆಯುತ್ತಾನೆಂದು ನಂಬಿದ್ದೇವೆ, ಅಷ್ಟೆ. ರಸ್ತೆಯ ನಡುವೆ ಗೆರೆ ಎಳೆಯುವ ಪದ್ಧತಿಯೂ ತೀರ ಹಳೆಯದೇನಲ್ಲ. ಅಮೆರಿಕದ ಮಿಷಿಗನ್ ಸೀಮೆಯ ವೇಯ್ನ್ ಕೌಂಟಿಯಲ್ಲಿ ಅಂಥ ಗೆರೆ ಎಳೆದದ್ದು 1911ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಚಿನ್ನದ ಗಣಿಗೆ ಶಿವನಸಮುದ್ರದ ವಿದ್ಯುತ್ತು ಬಂದು ಒಂಬತ್ತು ವರ್ಷವಾಗಿತ್ತು! ಮನುಷ್ಯರು ಮೊನ್ನೆ ಮೊನ್ನೆ ತಮ್ಮೊಳಗೆ ಮಾಡಿಕೊಂಡ ಒಪ್ಪಂದ ಇದು. ನೀನು ಅಲ್ಲಿರು, ನಾನು ಇಲ್ಲಿರುತ್ತೇನೆ ಎಂಬ ಮಾತು. ಮಾತು ಕೊಟ್ಟದ್ದು ಬಣ್ಣಕ್ಕಲ್ಲ, ಎದುರಿಗೆ ಬರುವವನಿಗೆ. ಬಣ್ಣ ಗೊಂದಲವಾದಾಗ ಮಾತು ಅಳಿಸಿಹೋಗುವುದಿಲ್ಲ. ಯಾರಿಗೆ ಕೊಟ್ಟದ್ದೋ ಅವರ ಮುಖವನ್ನು ಆಗ ನೇರವಾಗಿ ನೋಡಬೇಕಾಗುತ್ತದೆ.

ಹಾಗಾದರೆ ಗೆರೆಯೇ ಬೇಡವೆ? ಕೆಲವು ದಿನ ನನಗೆ ಹಾಗೂ ಅನಿಸಿತು. ಹಾಲೆಂಡಿನಲ್ಲಿ ಹ್ಯಾನ್ಸ್ ಮಾಂಡರ್‌ಮನ್ ಎಂಬ ಸಂಚಾರ ಇಂಜಿನಿಯರ್ ಇದ್ದ, 2008ರಲ್ಲಿ ತೀರಿಕೊಂಡ. ಡ್ರಾಖ್ಟನ್ ಎಂಬ ಊರಿನ ಗಿಜಿಗುಟ್ಟುವ ಕೂಡುರಸ್ತೆಯೊಂದರಿಂದ ಅವನು ದೀಪಗಳನ್ನೂ ಫಲಕಗಳನ್ನೂ ತೆಗೆಸಿಬಿಟ್ಟ. ಆಜ್ಞೆ ಇಲ್ಲದಾಗ ಜನ ಒಬ್ಬರನ್ನೊಬ್ಬರು ನೋಡುತ್ತಾರೆ, ನೋಡಿದಾಗ ನಿಧಾನಿಸುತ್ತಾರೆ ಎಂಬುದು ಅವನ ತರ್ಕ. ಓದಿ ಖುಷಿಯಾಗಿ ಅಣ್ಣನಿಗೆ ಹೇಳಿದೆ. ಅವರಿಗೆ ಖುಷಿಯಾಗಲಿಲ್ಲ. 'ಕಣ್ಣಿಲ್ದೋನು ಯಾರ ಮುಖ ನೋಡ್ತಾನೆ ಮೇಷ್ಟ್ರೇ? ಲಾರಿಯೋನು ಮುದುಕಿ ಮುಖ ನೋಡಿ ನಿಲ್ಲಿಸ್ತಾನಾ? ಗೆರೆ ಇರ್ಬೇಕು. ಹಾರನ್ ಇಲ್ದೋರಿಗೆ ಇರೋದು ಅದೊಂದೇ' ಎಂದರು. ಕಣ್ಣು ಕಾಣದವರು ಅಂಥ ರಸ್ತೆಗಳ ಬಗ್ಗೆ ಆ ದೇಶಗಳಲ್ಲಿಯೂ ಇದೇ ತಕರಾರು ತೆಗೆದಿದ್ದಾರೆ. ಗೆರೆ ಇರುವುದು ಬಲಶಾಲಿಯ ಅನುಕೂಲಕ್ಕಲ್ಲ, ದುರ್ಬಲನ ರಕ್ಷಣೆಗೆ. ಅಂದು ಸಂಜೆ ಕಾರಿನಲ್ಲಿದ್ದ ನಾನು ಬಲಶಾಲಿ, ಮೊಪೆಡ್ಡಿನ ಹುಡುಗ ದುರ್ಬಲ. ಗೆರೆಗಳು ಒಂದಕ್ಕೊಂದು ಎದುರಾದಾಗ ಆ ಅನುಮಾನದ ಲಾಭ ಯಾರಿಗೆ ಸೇರಬೇಕೆಂಬುದು ಅಲ್ಲಿಗೆ ಸ್ಪಷ್ಟ. ಪುಸ್ತಕದಲ್ಲಿ ಮುಖ್ಯರಸ್ತೆ ಯಾರದೇ ಆಗಿರಲಿ, ಹೆಚ್ಚು ನೋಯಿಸಬಲ್ಲವನು ಮೊದಲು ನಿಲ್ಲಬೇಕು.

ಇಷ್ಟು ತಿಳಿದ ಮೇಲೆ ಕಲಿಯುವವನು ಮಾಡಬೇಕಾದ್ದೇನು? ಅನಂತರದ ವಾರಗಳಲ್ಲಿ ಅಣ್ಣ ನನಗೆ ಕಲಿಸಿದ್ದನ್ನು ಹೇಳುತ್ತೇನೆ. ಕೂಡುರಸ್ತೆಯ ಗೊಂದಲವನ್ನು ಕೂಡುರಸ್ತೆಯಲ್ಲಿ ಬಿಡಿಸಲು ಹೋಗಬಾರದು. ದೂರದಿಂದಲೇ ವೇಗ ಇಳಿಸಿ, ಗೇರು ತಗ್ಗಿಸಿ, ಯೋಚಿಸಲು ಹೊತ್ತು ಮಾಡಿಕೊಳ್ಳಬೇಕು. ಗಕ್ಕನೆ ನಿಲ್ಲಿಸಿದರೆ ಹಿಂದಿನವನು ಬಂದು ಗುದ್ದಿಯಾನು, ಆದ್ದರಿಂದ ನಿಧಾನಿಸುತ್ತಿದ್ದೇವೆಂದು ಅವನಿಗೂ ಮೊದಲೇ ಗೊತ್ತಾಗಬೇಕು. ಮೊದಲು ಜನ, ಆಮೇಲೆ ವಾಹನ, ಕೊನೆಗೆ ಗೆರೆ, ಈ ಕ್ರಮದಲ್ಲಿ ನೋಡಬೇಕು. ನಿಲ್ಲುವ ಗೆರೆ ಎರಡು ಕಂಡರೆ ಮೊದಲು ಸಿಗುವುದರ ಹಿಂದೆ ನಿಲ್ಲಬೇಕು. ಮುಂದಿನವರು ಹೇಗೆ ಹೋಗುತ್ತಿದ್ದಾರೆಂದು ನೋಡುವುದು ಒಳ್ಳೆಯದೇ, ಆದರೆ ಅವರು ತಪ್ಪುತ್ತಿದ್ದರೆ ಅವರ ಹಿಂದೆ ಹೋಗಬೇಕಾಗಿಲ್ಲ. ಹಾರನ್ನು ಸಂಚಾರದ ಆಜ್ಞೆಯಲ್ಲ. ಹಿಂದಿನವನಿಗೆ ಕಾಣುವುದು ನನ್ನ ಬೆನ್ನು ಮಾತ್ರ, ನನ್ನ ಮುಂದಿರುವ ಹುಡುಗನಲ್ಲ.

ಇವೆಲ್ಲಕ್ಕಿಂತ ಕಷ್ಟದ ಪಾಠ ಇನ್ನೊಂದಿದೆ. ಬಾಣದ ಗುರುತು ನೋಡದೆ ಎಡಕ್ಕೆ ತಿರುಗುವವರ ಸಾಲಿಗೆ ಬಂದುಬಿಟ್ಟೆ, ಹೋಗಬೇಕಾದದ್ದು ನೇರಕ್ಕೆ. ಆಗ ಕಡೆಯ ಗಳಿಗೆಯಲ್ಲಿ ಸ್ಟೀರಿಂಗ್ ಎಳೆಯಬಾರದು. ಎಡಕ್ಕೇ ತಿರುಗಬೇಕು. ಹೋಗಿ, ಎಲ್ಲಾದರೂ ಕ್ಷೇಮವಾಗಿ ತಿರುಗಿಸಿಕೊಂಡು ಬರಬೇಕು. ಮೊದಲ ಸಲ ಹೀಗಾದಾಗ ನಾನು ತಡಬಡಿಸಿದೆ. ಅಣ್ಣ, 'ಹೋಗ್ಲಿ ಬಿಡಿ, ತಪ್ಪು ದಾರೀಲೇ ಸರಿಯಾಗಿ ಹೋಗಿ. ಪೆಟ್ರೋಲ್ ತಾನೇ ಹೋಗೋದು' ಎಂದರು. ತಪ್ಪು ದಾರಿಯಲ್ಲಿ ಸರಿಯಾಗಿ ಹೋಗುವುದು! ತಪ್ಪೆಂದು ಗೊತ್ತಾದ ತಕ್ಷಣ ಅಳಿಸಿ ತಿದ್ದಬೇಕೆಂದು ಕಲಿತವನು, ಕಲಿಸಿದವನು ನಾನು. ಕಾಗದದ ಮೇಲೆ ಅದು ಸರಿ. ರಸ್ತೆಯ ಮೇಲೆ ನನ್ನ ತಪ್ಪನ್ನು ತಕ್ಷಣ ತಿದ್ದುವ ಆತುರದಲ್ಲಿ ಅದರ ಬೆಲೆಯನ್ನು ಪಕ್ಕದವನ ಮೇಲೆ ಹಾಕುತ್ತೇನೆ. ಎರಡು ಮೈಲಿ ಸುತ್ತಿ ಬಂದರೆ ಬೆಲೆ ತೆರುವವನು ನಾನೇ. ತಪ್ಪಿದವನು ತೆರಬೇಕಾದದ್ದೂ ನ್ಯಾಯವೇ.

ಸುತ್ತಿ ಬರುವುದರಲ್ಲಿ ಅವಮಾನವಿಲ್ಲ ಎಂಬುದನ್ನು ಅಣ್ಣ ಬಾಯಿಮಾತಿಗೆ ಹೇಳುತ್ತಿರಲಿಲ್ಲ. ತಂದೆಯ ಹಿಂದೆಯೇ ಗಣಿಗೆ ಇಳಿದವರು, ಮಗನೂ ಇಳಿಯುತ್ತಾನೆಂದುಕೊಂಡಿದ್ದವರು. ಕಾಲುದಾರಿಯಷ್ಟು ಸ್ಪಷ್ಟವಾಗಿದ್ದ ಆ ಗೆರೆ ಒಂದು ದಿನ ಇದ್ದಕ್ಕಿದ್ದಂತೆ ಅಳಿಸಿಹೋದಾಗ, ಯಾರನ್ನೂ ಗುದ್ದದೆ, ಬಳಸು ದಾರಿ ಹಿಡಿದು, ಬೆಂಗಳೂರಿನ ರೈಲಿನಲ್ಲಿ ನಿಂತುಕೊಂಡೇ ಹೋಗಿ ಬಂದು ಮನೆ ನಡೆಸಿದವರು. ಆ ದಿನಗಳ ಬಗ್ಗೆ ಕೇಳಿದರೆ 'ರೈಲಿನಲ್ಲಿ ಸೀಟು ಸಿಗ್ತಿರ್ಲಿಲ್ಲ' ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಒಂದು ಭಾನುವಾರ ಆ ಕೂಡುರಸ್ತೆಯವರೆಗೆ ಬಸ್ಸಿನಲ್ಲಿ ಹೋಗಿ ಇಳಿದೆ. ಕಲಿಯುವವರೆಲ್ಲ ಒಮ್ಮೆ ಹೀಗೆ ಮಾಡಬೇಕು. ತಮ್ಮನ್ನು ಹೆದರಿಸಿದ ಜಾಗಕ್ಕೆ ಕಾಲ್ನಡಿಗೆಯಲ್ಲಿ ಹೋಗಿ, ಒಂದು ಗಂಟೆ ಸುಮ್ಮನೆ ನಿಂತು ನೋಡಬೇಕು. ಬಸ್ಸಿನ ಡ್ರೈವರು ಕಿಟಕಿಯಿಂದ ಕೈ ಹೊರಹಾಕಿ ಹಳ್ಳಿಯ ಕಡೆಯವರನ್ನು ತಡೆಯುತ್ತಿದ್ದ, ಇಲ್ಲವೆ ಕರೆಯುತ್ತಿದ್ದ. ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ಯಾವ ಗೆರೆಯನ್ನೂ ನೋಡದೆ, ಒಂದು ಕೈ ಎತ್ತಿ, ನೆಟ್ಟಗೆ ದಾಟಿದಳು. ಒಂದು ಲಾರಿ ನಿಂತಿತು. ನಿಂತಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅದರ ಪಕ್ಕದಿಂದ ಒಂದು ಕಾರು ನಿಲ್ಲದೆ ನುಗ್ಗಿ, ಅವಳ ಸೆರಗಿಗೆ ಗಾಳಿ ಬೀಸಿ ಹೋಯಿತು. ಎರಡನ್ನೂ ನೋಡಿದೆ. ಅಣ್ಣ ಹೇಳಿದ್ದು ನಿಜ, ಬರಿಯ ಮುಖ ನೋಡುವುದನ್ನು ನಂಬಿ ಊರು ನಡೆಯಲಾರದು. ಬರಿಯ ಗೆರೆ ನಂಬಿಯೂ ನಡೆಯಲಾರದು.

ಕೆ.ಜಿ.ಎಫ್.ನ ಆರ್.ಟಿ.ಓ. ಕಚೇರಿಯಲ್ಲಿ ಪರೀಕ್ಷೆ ಮುಗಿದು ನನಗೆ ಲೈಸೆನ್ಸು ಬಂತು. ಅತ್ತೆಯವರ ಮನೆಗೆ ನಡುರಾತ್ರಿ ಹೋಗುವ ಪ್ರಸಂಗವೂ ಎರಡು ಸಲ ಬಂತು. ಎರಡು ಸಲವೂ ನನ್ನಾಕೆ ಪಕ್ಕದ ಸೀಟಿನಲ್ಲಿ ಕುಳಿತು, ಬೇಗ ಹೋಗಿ ಎನ್ನಲಿಲ್ಲ. ಈಗ ಆ ಕೂಡುರಸ್ತೆಗೆ ಹೊಸ ಡಾಂಬರು ಹಾಕಿದ್ದಾರೆ. ಹಳೆಯದೆಲ್ಲ ಅಡಿಗೆ ಹೋಗಿ, ಒಂದೇ ಒಂದು ಗೆರೆ ಬೆಳ್ಳಗೆ ಮಲಗಿದೆ. ಯಾರಿಗೂ ಅನುಮಾನವಿಲ್ಲ, ಎಲ್ಲರೂ ಮೊದಲಿಗಿಂತ ಬಿರುಸಾಗಿ ಹೋಗುತ್ತಾರೆ. ನಾನು ಮಾತ್ರ ಅಲ್ಲಿ ಬಂದಾಗ ಗೇರು ತಗ್ಗಿಸಿ, ಎಡಗಡೆಯ ಹಳ್ಳಿ ರಸ್ತೆಯ ಕಡೆ, ಟೊಮೇಟೊ ಕ್ರೇಟೇನಾದರೂ ಬರುತ್ತಿದೆಯೇ ಎಂದು ನೋಡುತ್ತೇನೆ. ಹಿಂದಿನವರು ಹಾರನ್ನು ಮಾಡುತ್ತಾರೆ. ಮಾಡಲಿ.